ರೋಮನ್ ನಾಣ್ಯದ ಹಿಂಬದಿ ಮೊದ್ಲು ನೋಡಿ

ಹಳೇ ನಾಣ್ಯಗಳ ಹರಾಜಿಗೆ ಕ್ಯಾಟಲಾಗ್ ಬರೆಯೋದು ನನ್ನ ಕೆಲಸ. ರೋಮನ್ ನಾಣ್ಯ ಟೇಬಲ್ಲಿಗೆ ಬಂದ್ರೆ ಹೊಸಬ್ರು ನೇರ ಚಕ್ರವರ್ತಿ ಮುಖ ನೋಡ್ತಾರೆ, ಯಾರು ಅಂತ ಗೊತ್ತಾಯ್ತಾ, ಅಲ್ಲಿಗೆ ಮುಗೀತು ಅನ್ಕೋತಾರೆ. ಆದ್ರೆ ಜನ ಏನನ್ನ ನಂಬ್ಲಿ ಅಂತ ಅವನಿಗೆ ಆಸೆ ಇತ್ತೋ ಅದು ಬಹಳಷ್ಟು ಸಲ ಇರೋದು ಹಿಂಬದೀಲಿ.

ಅಲ್ಲಿರೋ ದೇವತೆ ಕೈ ನೋಡಿ. ತಕ್ಕಡಿ ಇದ್ರೆ ಏಕ್ವಿಟಾಸ್ ಅಂದ್ರೆ ನ್ಯಾಯ, ಹಡಗಿನ ಚುಕ್ಕಾಣಿ ಇದ್ರೆ ಫಾರ್ಚುನಾ ಅಂದ್ರೆ ಅದೃಷ್ಟ, ಆಲಿವ್ ಕೊಂಬೆ ಇದ್ರೆ ಸಾಮಾನ್ಯವಾಗಿ ಪ್ಯಾಕ್ಸ್ ಅಂದ್ರೆ ಶಾಂತಿ. ಶಂಖ ಚಕ್ರ ನೋಡಿ ವಿಷ್ಣು ಅಂತೀವಲ್ಲ, ಹಾಗೇ. ಆದ್ರೂ ಕಂಡಿದ್ದನ್ನ ಮೊದ್ಲು ಬರೀರಿ, ಹೆಸರು ಆಮೇಲೆ ಅಂತ ನಾನು ಹಠ ಹಿಡೀತೀನಿ. ನಮ್ಮ ಚಂದ್ರವಳ್ಳೀಲೂ ಸಿಕ್ಕಿರೋ ರೋಮನ್ ಚಕ್ರವರ್ತಿ ಟೈಬೀರಿಯಸ್ ಕಾಲದ ಬೆಳ್ಳಿ ಡೆನೇರಿಯಸ್‌ಗಳನ್ನೇ ತಗೊಳ್ಳಿ, ಅವನ ತುಂಬಾ ಕಾಮನ್ ಟೈಪಲ್ಲಿ ರಾಜದಂಡ, ಕೊಂಬೆ ಹಿಡಿದು ಕೂತ ಹೆಂಗಸು, ಸುತ್ತ ಇರೋ ಅಕ್ಷರ ಪೊಂಟಿಫ್ ಮ್ಯಾಕ್ಸಿಮ್, ಅದು ಚಕ್ರವರ್ತಿಯ ಪುರೋಹಿತ ಬಿರುದು, ಆಕೆ ಹೆಸರಲ್ಲ. ಅವನ ತಾಯಿ ಲಿವಿಯಾನೇ ಶಾಂತಿದೇವತೆ ರೂಪದಲ್ಲಿ ಕೂತಿರೋದು ಅಂತ ತುಂಬಾ ಜನ ವಿದ್ವಾಂಸರು ಹೇಳ್ತಾರೆ, ನಾಣ್ಯ ಹೇಳಲ್ಲ. ಇವೆರಡನ್ನ ಒಂದೇ ಸಾಲಲ್ಲಿ ಕಲಸಬಾರ್ದು.

ಇನ್ನೊಂದು, ಅಲ್ಲಿ ಬರ್ದಿರೋದನ್ನ ನಡೆದ ಸುದ್ದಿ ಅಂತ ಓದ್ಬೇಡಿ. ಚಕ್ರವರ್ತಿ ನರ್ವಾನ ನಾಣ್ಯದಲ್ಲಿ ಎರಡು ಕೈ ಕುಲುಕ್ತಿರೋ ಚಿತ್ರ, ಕಾಂಕಾರ್ಡಿಯಾ ಎಕ್ಸರ್ಸಿಟುವಮ್ ಅನ್ನೋ ಬರಹ, ಅಂದ್ರೆ ಸೈನ್ಯಗಳ ಒಗ್ಗಟ್ಟು. ನಿಜ ಏನಂದ್ರೆ ಕ್ರಿ.ಶ. 96ರಲ್ಲಿ ಹಿಂದಿನ ಚಕ್ರವರ್ತಿ ಡೊಮಿಷಿಯನ್ ಕೊಲೆಯಾಗಿ ಇವನು ಪಟ್ಟಕ್ಕೆ ಬಂದ, ಸೈನಿಕರಿಗೆ ಡೊಮಿಷಿಯನ್ ಮೇಲೆ ಪ್ರೀತಿ ಇತ್ತು, 97ರಲ್ಲಿ ಚಕ್ರವರ್ತಿನ ಕಾಯ್ಬೇಕಾದ ಪ್ರಿಟೋರಿಯನ್ ಕಾವಲುಪಡೆಯವ್ರೇ ಇವನ ಮೇಲೆ ತಿರುಗಿಬಿದ್ದು ಕೊಲೆಗಾರರನ್ನ ಒಪ್ಪಿಸು ಅಂತ ಬಲವಂತ ಮಾಡಿ ಒಪ್ಪಿಸ್ಕೊಂಡ್ರು. ಅದೇ ವರ್ಷ ಗಡಿಯಲ್ಲಿ ಸೈನ್ಯ ಇಟ್ಕೊಂಡಿದ್ದ ಟ್ರಾಜನ್‌ನ ನರ್ವಾ ತನ್ನ ಮಗನಾಗಿ ದತ್ತು ತಗೊಂಡ. ಈ ಕಥೆ ಗೊತ್ತಿದ್ರೆ ಆ ಎರಡು ಕೈಗಳಲ್ಲಿ ಎಷ್ಟು ಭಯ ಇದೆ ಅಂತ ಅರ್ಥ ಆಗುತ್ತೆ, ನನಗಂತೂ ರೋಮನ್ ನಾಣ್ಯಗಳಲ್ಲೇ ಮನಸ್ಸಿಗೆ ಹೆಚ್ಚು ತಟ್ಟೋದು ಅದು.

ಹಾಗೇ ನಾಣ್ಯದ ಮೇಲಿರೋ ಏಟು, ಗಾಯನೂ ಬರೀರಿ, ಡ್ಯಾಮೇಜ್ ಅಂತ ಒಂದೇ ಪದ ಹಾಕಿ ಮುಂದೆ ಹೋಗ್ಬೇಡಿ. 1898ರಲ್ಲಿ ತಮಿಳುನಾಡಿನ ಪುದುಕೋಟೆಯಲ್ಲಿ ಸಿಕ್ಕ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನವಕ್ಕೆ ಚಕ್ರವರ್ತಿಯ ತಲೆ ಮೇಲೇ ಬೇಕಂತ ಹೊಡೆದ ಉಳಿ ಏಟಿದೆ. ರೋಮಿನವನು ಅಷ್ಟು ಕಷ್ಟಪಟ್ಟು ಕೆತ್ತಿಸಿದ ಮುಖದ ಮೇಲೆ ಇಲ್ಲಿ ಯಾರೋ ಉಳಿ ಇಟ್ಟಿದ್ದಾರೆ, ಅದೂ ಆ ನಾಣ್ಯದ ಚರಿತ್ರೆನೇ, ಅದಕ್ಕೂ ಒಂದು ಪೂರ್ತಿ ಸಾಲು ಕೊಡಿ.