ಜಿಟಿ350 ಅಥವಾ ಝಡ್‌ಎಲ್1: ರಸ್ತೆಗೆ ಯಾವುದು? ನನ್ನ ಹುಡುಕಾಟದ ದಾಖಲೆ

ಫೆಬ್ರವರಿ

ಕೊಳ್ಳಬೇಕೆಂದಿರುವ ಕಾರುಗಳ ಪಟ್ಟಿ ಸಣ್ಣದಾಗಿದೆ. ಈಗ ಉಳಿದಿರುವುದು ಎರಡೇ ಕಾರು: ಫೋರ್ಡ್‌ನ ಮಸ್ಟಾಂಗ್ ಶೆಲ್ಬಿ ಜಿಟಿ350 ಮತ್ತು ಶೆವ್ರೊಲೆಯ ಕ್ಯಾಮರೋ ಝಡ್‌ಎಲ್1. ಎರಡೂ ಸೆಕೆಂಡ್ ಹ್ಯಾಂಡ್. ಎರಡರಲ್ಲೂ ಮ್ಯಾನ್ಯುಯಲ್ ಗೇರ್ ಇರುವುದೇ ಬೇಕು. ಡಾಡ್ಜ್ ಚಾಲೆಂಜರ್ ಹೆಲ್‌ಕ್ಯಾಟ್ ಕೂಡ ಸ್ವಲ್ಪ ದಿನ ಪಟ್ಟಿಯಲ್ಲಿತ್ತು. ನೇರ ರಸ್ತೆಯಲ್ಲಿ ಅದರ ಜೊತೆ ಓಡುವ ಕಾರುಗಳು ಕಡಿಮೆ. ಆದರೆ ಅದರ ತೂಕ ಎರಡು ಟನ್. ನನಗೆ ತಿರುವುಗಳಿರುವ ರಸ್ತೆ ಇಷ್ಟ. ಹಾಗಾಗಿ ಅದನ್ನು ಬಿಟ್ಟೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಕಾರನ್ನು ನಾನು ರೇಸ್ ಟ್ರ್ಯಾಕ್‌ಗೆ ಒಯ್ಯುವುದಿಲ್ಲ. ಇದು ಓಡುವುದು ಮಿಷಿಗನ್ನಿನ ಸಾಮಾನ್ಯ ರಸ್ತೆಗಳಲ್ಲಿ, ನಮ್ಮ ನೋವೈ ಊರಿನ ಸುತ್ತಮುತ್ತ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ಇಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆಗ ಕಾರು ಗ್ಯಾರೇಜಿನಲ್ಲೇ. ಹಿಂದಿನ ಸೀಟಿನಲ್ಲಿ ಮಗಳು ಕೂರುವಂತಿರಬೇಕು. ಜರ್ಮನಿಯ ನುರ್ಬುರ್ಗ್‌ರಿಂಗ್ ರೇಸ್ ಟ್ರ್ಯಾಕ್‌ನಲ್ಲಿ ಆಟೋಮ್ಯಾಟಿಕ್ ಝಡ್‌ಎಲ್1 ಒಂದು ಸುತ್ತನ್ನು 7 ನಿಮಿಷ 29.6 ಸೆಕೆಂಡಿನಲ್ಲಿ ಮುಗಿಸಿದ್ದು ದೊಡ್ಡ ಸಾಧನೆಯೇ. ಆದರೆ ನನ್ನ ಆಯ್ಕೆಗೆ ಆ ಸಂಖ್ಯೆಯಿಂದ ಏನೂ ಸಿಗುವುದಿಲ್ಲ.

ಎರಡೂ ನಮ್ಮ ರಾಜ್ಯದ್ದೇ ಕಾರುಗಳು ಅನ್ನುವುದು ನನಗೆ ತುಂಬಾ ಖುಷಿ ಕೊಡುತ್ತದೆ. ಜಿಟಿ350ಯ ಎಂಜಿನ್ ರೋಮಿಯೋದಲ್ಲಿ ಕೈಯಿಂದ ಜೋಡಿಸಿದ್ದು, ಕಾರು ತಯಾರಾಗಿದ್ದು ಫ್ಲ್ಯಾಟ್ ರಾಕ್‌ನಲ್ಲಿ. ಝಡ್‌ಎಲ್1 ತಯಾರಾಗಿದ್ದು ಲ್ಯಾನ್ಸಿಂಗ್‌ನಲ್ಲಿ. ಎಲ್ಲವೂ ನಮ್ಮ ಮನೆಯಿಂದ ಒಂದೂವರೆ ಗಂಟೆಯ ಒಳಗಿನ ದಾರಿ. ಈಗ ಎರಡೂ ನಿಂತುಹೋಗಿವೆ. ಜಿಟಿ350ಯ ಕೊನೆಯ ಮಾಡೆಲ್ ವರ್ಷ 2020, ಕ್ಯಾಮರೋದ್ದು 2024. ಆಗಸ್ಟ್‌ನಲ್ಲಿ ಇಲ್ಲಿ ನಡೆಯುವ ಕಾರುಗಳ ದೊಡ್ಡ ಮೆರವಣಿಗೆ, ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಹೋದವರಿಗೆ ಗೊತ್ತು, ಇಲ್ಲಿನ ಜನ ಇಂಥ ಕಾರುಗಳನ್ನು ಹೇಗೆ ಜೋಪಾನ ಮಾಡುತ್ತಾರೆ ಅಂತ. ಹುಡುಕಿದರೆ ಒಳ್ಳೆಯದು ಸಿಗುತ್ತದೆ.

ಈಗ ಎಂಜಿನ್ ವಿಷಯ. ಇದರ ಬಗ್ಗೆ ಜಾಸ್ತಿ ಬರೆಯಬೇಕು, ಯಾಕೆಂದರೆ ಈ ಎರಡು ಕಾರುಗಳ ಸ್ವಭಾವ ಬೇರೆಯಾಗುವುದೇ ಇಲ್ಲಿ.

ಝಡ್‌ಎಲ್1ರಲ್ಲಿ 6.2 ಲೀಟರಿನ ಎಲ್‌ಟಿ4 ವಿ8 (ಎಂಟು ಸಿಲಿಂಡರಿನ ಎಂಜಿನ್) ಇದೆ, ಮೇಲೆ ಅದಕ್ಕೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್. 650 ಅಶ್ವಶಕ್ತಿ, 881 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಆ ಟಾರ್ಕ್ 3,600 ಆರ್‌ಪಿಎಂಗೇ, ಅಂದರೆ ಎಂಜಿನ್ ನಿಮಿಷಕ್ಕೆ 3,600 ಸುತ್ತು ತಿರುಗುವಾಗಲೇ, ಪೂರ್ತಿ ಸಿಗುತ್ತದೆ. ಜಿಟಿ350ರಲ್ಲಿ 5.2 ಲೀಟರಿನ ವಿ8, ಫೋರ್ಡ್‌ನವರು ಇಟ್ಟ ಹೆಸರು ವೂಡೂ. ಸೂಪರ್‌ಚಾರ್ಜರ್ ಇಲ್ಲ, ಟರ್ಬೋ ಇಲ್ಲ. 526 ಅಶ್ವಶಕ್ತಿ, ಅದೂ 7,500 ಆರ್‌ಪಿಎಂನಲ್ಲಿ. ಟಾರ್ಕ್ 582 ನ್ಯೂಟನ್ ಮೀಟರ್, 4,750ರಲ್ಲಿ. ಕೆಂಪು ಗೆರೆ, ಅಂದರೆ ಎಂಜಿನ್ ತಿರುಗಬಹುದಾದ ಗರಿಷ್ಠ ಮಿತಿ, ಇರುವುದು 8,250ಕ್ಕೆ.

ಕಾಗದದ ಮೇಲೆ ನೋಡಿದರೆ ಲೆಕ್ಕ ಮುಗಿಯಿತು, ಝಡ್‌ಎಲ್1 ಗೆದ್ದಿತು. ಆದರೆ ವೂಡೂ ಎಂಜಿನ್‌ನ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳ ಏರಿಳಿತವನ್ನು ಸುತ್ತುವ ಚಲನೆ ಮಾಡುವ ದಂಡ) ಬೇರೆ ಥರ. ಸಾಮಾನ್ಯ ಅಮೆರಿಕನ್ ವಿ8ನಲ್ಲಿ ಪಿಸ್ಟನ್‌ಗಳ ರಾಡ್ ಕೂರುವ ಪಿನ್ನುಗಳು 90 ಡಿಗ್ರಿ ಅಂತರದಲ್ಲಿರುತ್ತವೆ. ಅದನ್ನು ಸಮತೋಲನದಲ್ಲಿಡಲು ಕ್ರ್ಯಾಂಕ್‌ಗೆ ದಪ್ಪ ದಪ್ಪ ತೂಕದ ಭಾಗಗಳು ಬೇಕು. ವೂಡೂನಲ್ಲಿ ಪಿನ್ನುಗಳು 180 ಡಿಗ್ರಿ ಅಂತರದಲ್ಲಿ, ಎಲ್ಲವೂ ಒಂದೇ ಸಮತಲದಲ್ಲಿ. ಅಷ್ಟು ತೂಕ ಬೇಕಾಗುವುದಿಲ್ಲ. ಎಂಜಿನ್ ಸರಕ್ಕನೆ ಮೇಲೇರುತ್ತದೆ. ಇನ್ನೊಂದು, ಸಿಲಿಂಡರ್‌ಗಳು ಎಡ, ಬಲ, ಎಡ, ಬಲ ಅಂತ ಸರದಿಯಲ್ಲಿ ಉರಿಯುತ್ತವೆ. ಸಾಮಾನ್ಯ ವಿ8ನಲ್ಲಿ ಕೆಲವೊಮ್ಮೆ ಒಂದೇ ಪಕ್ಕದ ಎರಡು ಸಿಲಿಂಡರ್ ಒಂದರ ಹಿಂದೆ ಒಂದು ಉರಿಯುತ್ತವೆ. ಆ ಗುಡುಗುಡು ಸದ್ದು ಬರುವುದು ಅದರಿಂದಲೇ. ವೂಡೂಗೆ ಆ ಗುಡುಗು ಇಲ್ಲ. ಕೆಳಗೆ ಒರಟಾಗಿ ಗೊರಗುಟ್ಟುತ್ತದೆ, 6,000 ದಾಟಿದ ಮೇಲೆ ಚೀರುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ಕಂಪನ. ಈ ಥರದ ಕ್ರ್ಯಾಂಕ್ ಇರುವ ವಿ8 ದೊಡ್ಡದಾದಷ್ಟೂ ನಡುಕ ಜಾಸ್ತಿ. 5.2 ಲೀಟರ್ ಅಂದರೆ ಈ ಜಾತಿಗೆ ತುಂಬಾ ದೊಡ್ಡದು.

ಮಾರ್ಚ್ ಕೊನೆ

ರಸ್ತೆಯ ಉಪ್ಪು ಮಳೆಗೆ ತೊಳೆದುಹೋಗಿದೆ. ಮೊದಲು ಝಡ್‌ಎಲ್1 ಓಡಿಸಿದೆ. ಕ್ಲಚ್ ಅಂದುಕೊಂಡದ್ದಕ್ಕಿಂತ ಹಗುರ. ಊರೊಳಗೆ ಅದು ಎಷ್ಟು ಸಾಧು ಅಂದರೆ ನನಗೇ ಆಶ್ಚರ್ಯವಾಯಿತು. ಮೂರನೇ ಗೇರ್‌ನಲ್ಲಿ ಬಿಟ್ಟರೆ ಸುಮ್ನೆ ಹೋಗುತ್ತಿರುತ್ತದೆ, ಕಾಲು ಸ್ವಲ್ಪ ಒತ್ತಿದರೆ ಸಾಕು, ಮುಂದಿನ ಕಾರು ಹಿಂದಾಗಿರುತ್ತದೆ. ಸೂಪರ್‌ಚಾರ್ಜರ್‌ನ ಸಣ್ಣ ಕೂಗು ಕೇಳುತ್ತಿರುತ್ತದೆ. ಮುಂಭಾಗದ ಶೆವ್ರೊಲೆಯ ಬೋ ಟೈ ಗುರುತಿನ ಮಧ್ಯೆಯನ್ನೂ ಗಾಳಿ ಒಳಹೋಗಲಿ ಅಂತ ಟೊಳ್ಳು ಮಾಡಿದ್ದಾರೆ. ಕೂಲಿಂಗ್‌ಗೆ ರೇಡಿಯೇಟರ್ ಥರ ಬಿಸಿ ಹೊರಹಾಕುವ 11 ಹೀಟ್ ಎಕ್ಸ್‌ಚೇಂಜರ್‌ಗಳಿವೆ. ಆ ಎಂಜಿನಿಯರ್‌ಗಳ ಶ್ರದ್ಧೆಗೆ ಕೈಮುಗಿಯಬೇಕು.

ಫ್ರೀವೇಗೆ ಏರುವ ರ‍್ಯಾಂಪ್‌ನಲ್ಲಿ ಎರಡನೇ ಗೇರ್‌ನಲ್ಲಿ ಕಾಲು ಪೂರ್ತಿ ಒತ್ತಿದೆ. ತಣ್ಣಗಿದ್ದ ಹಿಂದಿನ ಟೈರುಗಳು ಜಾರಿದವು, ಚಕ್ರ ಜಾರುವುದನ್ನು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಹಿಡಿದುಕೊಂಡಿತು, ಮರುಕ್ಷಣ ಗಂಟೆಗೆ 70 ಮೈಲಿ. ಅಲ್ಲಿಗೆ ಕಾನೂನಿನ ಮಿತಿ ಮುಗಿಯಿತು. ಕಾಲು ತೆಗೆಯಲೇಬೇಕು. ಎಲೆ ತುಂಬಾ ಬಡಿಸಿ, ಪಾಯಸ ಮಾತ್ರ ನಾಲಿಗೆ ತುದಿಗೆ ಮುಟ್ಟಿಸಿ ಏಳಿ ಅಂದ ಹಾಗಾಯಿತು. ಇಷ್ಟು ದೊಡ್ಡ ಎಂಜಿನ್‌ನ ಯಾವ ಭಾಗ ನನ್ನ ದಿನನಿತ್ಯದ ರಸ್ತೆಯಲ್ಲಿ ನನಗೆ ಸಿಗುತ್ತದೆ? ಈ ಪ್ರಶ್ನೆ ಆಮೇಲೂ ಬಿಡಲಿಲ್ಲ.

ಏಪ್ರಿಲ್

ಜಿಟಿ350. ಅದೇ ಫ್ರೀವೇ, ಅದೇ ರ‍್ಯಾಂಪ್. ಬೇಕಂತಲೇ ಅಲ್ಲಿಗೇ ಕರೆದುಕೊಂಡು ಹೋದೆ.

ಮೊದಲ ಗೇರ್‌ನಲ್ಲಿ ಕೆಂಪು ಗೆರೆವರೆಗೆ ಹೋದರೆ ಗಂಟೆಗೆ 50 ಮೈಲಿ ದಾಟುತ್ತದೆ. ಎರಡನೇ ಗೇರ್ 80ರವರೆಗೆ ಎಳೆಯುತ್ತದೆ. ಅಂದರೆ ರ‍್ಯಾಂಪ್ ಏರಿ 70ಕ್ಕೆ ಬರುವಷ್ಟರಲ್ಲಿ ಮೊದಲ ಗೇರ್ ಪೂರ್ತಿ, ಎರಡನೆಯದರಲ್ಲಿ 7,000 ಆರ್‌ಪಿಎಂ ತನಕ. ಈ ಎಂಜಿನ್‌ನ ಅತ್ಯುತ್ತಮ ಜಾಗ ಇರುವುದೇ ಅಲ್ಲಿ, ಮತ್ತು ಅಲ್ಲಿಗೆ ನಾನು ಮಿತಿ ಮೀರದೆ ತಲುಪಬಹುದು. ಅಷ್ಟೇ ಅಲ್ಲ, ಅಲ್ಲಿಗೆ ಹೋಗಲು ಸ್ವಲ್ಪ ಸಮಯ ಹಿಡಿಯುತ್ತದೆ. 3,000ದಿಂದ 8,000ದ ತನಕ ಸದ್ದು ಬದಲಾಗುತ್ತಾ ಹೋಗುವುದನ್ನು ಕೇಳಬಹುದು, ಬಲ ಹೆಚ್ಚುತ್ತಾ ಹೋಗುವುದು ಬೆನ್ನಿಗೆ ಗೊತ್ತಾಗುತ್ತದೆ. ಗೇರ್ ಬದಲಿಸುವ ಕೆಲಸ ನನ್ನದು. ಇಲ್ಲಿ ಓಡಿಸುವವನಿಗೆ ಕೈತುಂಬಾ ಕೆಲಸ ಇದೆ.

ನಿಜ, ಕೆಳಗಿನ ಆರ್‌ಪಿಎಂನಲ್ಲಿ ಇದು ಝಡ್‌ಎಲ್1ರಷ್ಟು ಸುಲಭ ಅಲ್ಲ. ನಾಲ್ಕನೇ ಗೇರ್‌ನಲ್ಲಿ ಸೋಮಾರಿಯಾಗಿ ಓವರ್‌ಟೇಕ್ ಮಾಡುತ್ತೇನೆ ಅಂದರೆ ಆಗುವುದಿಲ್ಲ, ಗೇರ್ ಇಳಿಸಬೇಕು. ಗೇರ್ ಲಿವರ್‌ನಲ್ಲಿ, ಪೆಡಲ್‌ನಲ್ಲಿ ನಡುಕ ತಿಳಿಯುತ್ತದೆ. ಮುಂದಿನ ಟೈರುಗಳು 295 ಮಿ.ಮೀ. ಅಗಲ. ಲಾರಿಗಳು ಓಡಿ ತಗ್ಗಾದ ಲೇನ್‌ನಲ್ಲಿ ಅವು ಗಾಡಿ ಜಾಡನ್ನೇ ಹಿಡಿದು ಸ್ಟೀರಿಂಗ್ ಅತ್ತಿತ್ತ ಎಳೆಯುತ್ತವೆ. ಎರಡೂ ಕೈ ಸ್ಟೀರಿಂಗ್ ಮೇಲೆ ಇರಲೇಬೇಕು. ನನಗೆ ಇದು ತೊಂದರೆ ಅನಿಸಲಿಲ್ಲ. ದೂರದ ಫ್ರೀವೇ ಪ್ರಯಾಣವೇ ಜಾಸ್ತಿ ಇರುವವರಿಗೆ ಖಂಡಿತ ಅನಿಸುತ್ತದೆ. ಅಂಥವರಿಗೆ ನಾನು ಝಡ್‌ಎಲ್1ನ್ನೇ ಹೇಳುತ್ತೇನೆ.

ಆನ್ ಆರ್ಬರ್‌ನಿಂದ ಡೆಕ್ಸ್‌ಟರ್‌ಗೆ ಹೋಗುವ ಹ್ಯೂರಾನ್ ರಿವರ್ ಡ್ರೈವ್ ಇಲ್ಲಿನ ಕಾರುಪ್ರಿಯರಿಗೆ ಗೊತ್ತಿರುತ್ತದೆ. ನದಿ ಪಕ್ಕದ ಸಣ್ಣ ರಸ್ತೆ, ಒಂದರ ಹಿಂದೆ ಒಂದು ತಿರುವು. ಸೈಕಲ್ ಸವಾರರು ತುಂಬಾ, ವೇಗ ಮಾಡುವ ಜಾಗವಲ್ಲ. ಅಲ್ಲಿ ನಿಧಾನಕ್ಕೆ ಹೋಗುವಾಗಲೂ ಜಿಟಿ350 ಮಾತಾಡುತ್ತಿತ್ತು. ಸ್ಟೀರಿಂಗ್, ಬ್ರೇಕ್, ಗೇರ್, ಎಲ್ಲವೂ. ನನಗೆ ಬೇಕಾಗಿದ್ದು ಇದೇ. ಕಾನೂನಿನ ವೇಗದಲ್ಲೂ ಕಾರು ನನ್ನ ಜೊತೆ ಇರಬೇಕು.

ಏಪ್ರಿಲ್, ಗುಂಡಿಗಳ ಲೆಕ್ಕ

ಮಿಷಿಗನ್ನಿನಲ್ಲಿ ವಸಂತ ಅಂದರೆ ರಸ್ತೆ ಗುಂಡಿಗಳ ಕಾಲ. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ, ಕೊನೆಗೆ ಡಾಂಬರು ಎದ್ದುಬರುತ್ತದೆ. ಇದರಲ್ಲಿ ಟೈರಿನ ಪಕ್ಕದ ಗೋಡೆಯ ಎತ್ತರ ಮುಖ್ಯ. ಜಿಟಿ350ಯ ಮುಂದಿನ ಟೈರ್ 295/35 (ಅಗಲ 295 ಮಿ.ಮೀ., ಗೋಡೆ ಅದರ ಶೇಕಡಾ 35), 19 ಇಂಚಿನ ಚಕ್ರ. ಗೋಡೆ ಸುಮಾರು 103 ಮಿ.ಮೀ. ಝಡ್‌ಎಲ್1ರದ್ದು 285/30, 20 ಇಂಚು. ಗೋಡೆ ಸುಮಾರು 85 ಮಿ.ಮೀ. ಹದಿನೆಂಟು ಮಿ.ಮೀ. ವ್ಯತ್ಯಾಸ ಸಣ್ಣದು ಅನಿಸಬಹುದು. ಗುಂಡಿಯ ಅಂಚಿಗೆ ಚಕ್ರ ಬಡಿದಾಗ ರಿಮ್ ಉಳಿಯುವುದೋ ಬಾಗುವುದೋ ಅನ್ನುವುದು ಇಷ್ಟರಲ್ಲೇ ತೀರ್ಮಾನವಾಗುತ್ತದೆ.

ಶಾಕ್ ಅಬ್ಸಾರ್ಬರ್ ವಿಷಯದಲ್ಲಿ ಎರಡೂ ಒಂದೇ ತಂತ್ರ. ಒಳಗಿನ ದ್ರವದಲ್ಲಿ ಕಬ್ಬಿಣದ ಸಣ್ಣ ಕಣಗಳು, ವಿದ್ಯುತ್ ಹರಿಸಿದರೆ ಕಾಂತಕ್ಷೇತ್ರದಿಂದ ದ್ರವ ಗಟ್ಟಿಯಾಗುತ್ತದೆ. ಇದು ಮೊದಲು ಬಂದಿದ್ದು 2002ರ ಮಾಡೆಲ್ ಕ್ಯಾಡಿಲ್ಯಾಕ್ ಸೆವಿಲ್‌ನಲ್ಲಿ, ಅಂದರೆ ಶೆವ್ರೊಲೆಯ ಮಾಲೀಕ ಕಂಪನಿ ಜನರಲ್ ಮೋಟರ್ಸ್‌ನ ಕಾರಿನಲ್ಲಿ. ಈಗ ಫೋರ್ಡ್‌ನಲ್ಲೂ ಅದೇ. ಎರಡೂ ಕಾರು ಸಾಮಾನ್ಯ ಮೋಡ್‌ನಲ್ಲಿ ಚೆನ್ನಾಗಿಯೇ ಮೆತ್ತಗಿವೆ.

ಮೇ

ಮನೆಯವರ ಪರೀಕ್ಷೆ. ಕ್ಯಾಮರೋದ ಕಿಟಕಿಗಳು ತುಂಬಾ ಗಿಡ್ಡ, ಬಾಗಿಲಿನ ಅಂಚು ಭುಜದ ಹತ್ತಿರ ಬರುತ್ತದೆ. ನನ್ನ ಹೆಂಡತಿ ಡ್ರೈವರ್ ಸೀಟಿನಲ್ಲಿ ಕೂತು, "ಇದರಲ್ಲಿ ಪಕ್ಕದ ಲೇನ್ ಹೇಗ್ರೀ ಕಾಣುತ್ತೆ?" ಅಂದಳು. ಲೇನ್ ಬದಲಿಸುವಾಗ ನಿಜವಾಗಿಯೂ ಕಷ್ಟ. ಡಿಕ್ಕಿ 257 ಲೀಟರ್, ಬಾಯಿಯೂ ಕಿರಿದು. ಮಸ್ಟಾಂಗ್‌ನದ್ದು 382 ಲೀಟರ್. ಮಗಳ ಬೂಸ್ಟರ್ ಸೀಟ್ ಎರಡರಲ್ಲೂ ಕೂರುತ್ತದೆ, ಆದರೆ ಮಸ್ಟಾಂಗ್‌ನಲ್ಲಿ ಅವಳ ಕಾಲಿಗೆ ಸ್ವಲ್ಪ ಜಾಗ ಸಿಕ್ಕಿತು. ಅಮ್ಮ ಜುಲೈನಲ್ಲಿ ಊರಿಂದ ಬರುತ್ತಾರೆ. ಅವರಿಗೆ ಮುಂದಿನ ಸೀಟೇ.

ಇಲ್ಲಿಗೆ ತೀರ್ಮಾನ ಆಯಿತು: ಜಿಟಿ350.

ಜೂನ್

ಯಾವ ವರ್ಷದ್ದು? 2019ರಿಂದ ಸಸ್ಪೆನ್ಷನ್ ಸುಧಾರಿಸಿದ್ದಾರೆ, ಜೊತೆಗೆ ಮಿಶೆಲಿನ್ ಪೈಲಟ್ ಸ್ಪೋರ್ಟ್ ಕಪ್ 2 ಟೈರ್ ಕೊಟ್ಟಿದ್ದಾರೆ. ಟ್ರ್ಯಾಕ್‌ಗೆ ಅದು ಅದ್ಭುತ. ಆದರೆ ಅದರ ಗೀರುಗಳು ಆಳವಿಲ್ಲ, ನೀರು ನಿಂತ ರಸ್ತೆಯಲ್ಲಿ ನನಗೆ ಭಯ. 2016ರ ಕಾರುಗಳಲ್ಲಿ ಕೆಲವಕ್ಕೆ ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಬಲ ಹಂಚುವ ಗೇರ್) ಕೂಲರ್ ಇರಲಿಲ್ಲ. 2017ರಿಂದ ಎಲ್ಲದಕ್ಕೂ ಬಂತು. ಹಾಗಾಗಿ ನನ್ನ ಆಯ್ಕೆ 2017 ಅಥವಾ 2018. ಅವುಗಳ ಮೂಲ ಟೈರ್ ಪೈಲಟ್ ಸೂಪರ್ ಸ್ಪೋರ್ಟ್, ರಸ್ತೆಗೆ ಹೇಳಿ ಮಾಡಿಸಿದ್ದು. ಮಳೆಯಲ್ಲೂ ನಂಬಬಹುದು. ತಾಪಮಾನ ಸೊನ್ನೆಯ ಕಡೆ ಇಳಿದರೆ ಮಾತ್ರ ಯಾವ ಬೇಸಿಗೆ ಟೈರೂ ಹಿಡಿಯುವುದಿಲ್ಲ.

ಒಬ್ಬ ನಿವೃತ್ತರ ಹತ್ತಿರ 2018ರ ಕಾರು ಸಿಕ್ಕಿತು. ನೀಲಿ ಬಣ್ಣ, ಬಿಳಿ ಪಟ್ಟಿ. ಎಲ್ಲ ಸರ್ವಿಸ್ ರಸೀದಿಗಳನ್ನೂ ಫೈಲ್ ಮಾಡಿ ಇಟ್ಟಿದ್ದಾರೆ. ಈ ಎಂಜಿನ್ ಆಯಿಲ್ ಕುಡಿಯುತ್ತದೆ ಅನ್ನುವುದು ಮಾಲೀಕರ ವಲಯದಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ನಾನು ಮೊದಲು ಕೇಳಿದ್ದೇ ಎಷ್ಟು ಆಯಿಲ್ ಹಾಕಿದ್ದೀರಿ ಅಂತ. ಅವರು ಪ್ರತಿ ಸಲ ಪೆಟ್ರೋಲ್ ಹಾಕಿಸುವಾಗ ನೋಡಿ ಬರೆದಿಟ್ಟ ಪುಸ್ತಕ ತೋರಿಸಿದರು. ಇಂಥ ಕಾರನ್ನು ಇಂಥವರಿಂದಲೇ ಕೊಳ್ಳಬೇಕು. ಚಾಸಿಸ್ ನಂಬರ್ ಹಾಕಿ ಸರ್ಕಾರದ ರೀಕಾಲ್ ಪಟ್ಟಿಯಲ್ಲಿ (ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆದ ಕಾರುಗಳ ಪಟ್ಟಿ) ನೋಡಿದೆ, ಬಾಕಿ ಏನೂ ಇಲ್ಲ. ಮಸ್ಟಾಂಗ್‌ಗಳನ್ನೇ ನೋಡುವ ಒಬ್ಬ ಮೆಕ್ಯಾನಿಕ್‌ನಿಂದ ಪರೀಕ್ಷೆ ಮಾಡಿಸಿದೆ. ಸಿಲಿಂಡರ್ ಒಳಗೆ ಬೋರ್‌ಸ್ಕೋಪ್ (ಸಣ್ಣ ಕ್ಯಾಮೆರಾ) ಇಳಿಸಿ ಗೋಡೆಗಳಲ್ಲಿ ಗೀರು ಇದೆಯಾ ನೋಡಿದರು. ಆಯಿಲ್ ಫಿಲ್ಟರ್ ಬಿಗಿ ಇದೆಯಾ, ಶಾಕ್ ಅಬ್ಸಾರ್ಬರ್ ಸೋರುತ್ತಿದೆಯಾ, ಬ್ರೇಕ್ ಡಿಸ್ಕ್ ಎಷ್ಟು ಸವೆದಿದೆ. ಮುಂದಿನ ಡಿಸ್ಕ್ 394 ಮಿ.ಮೀ. ವ್ಯಾಸದ್ದು, ಹೊಸದು ಹಾಕಿಸಬೇಕಾದರೆ ದೊಡ್ಡ ಖರ್ಚು. ಸದ್ಯ ಇನ್ನೂ ಬಾಳುತ್ತದೆ ಅಂದರು.

ಹಿಂದಿನ ಟೈರ್ ಮಾತ್ರ ಸವೆದಿವೆ. ಅದಕ್ಕೆ ಬೆಲೆ ಇಳಿಸಿಕೊಟ್ಟರು. ಮುಂಗಡ ಕೊಟ್ಟಾಗಿದೆ. ಇನ್ಷೂರೆನ್ಸ್ ಕೊಟೇಶನ್‌ಗಳನ್ನು ಹೋಲಿಸುತ್ತಿದ್ದೇನೆ. ಮಿಷಿಗನ್ನಿನಲ್ಲಿ ಅದು ತುಂಬಾ ದುಬಾರಿ ಅನ್ನುವುದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಮುಂದಿನ ವಾರ ಕಾಗದಪತ್ರ ಮುಗಿಸಿ ಕಾರು ತರುತ್ತೇನೆ. ನಾಲ್ಕೂ ಟೈರ್ ಒಟ್ಟಿಗೆ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ, ಆ ಜಾಡು ಹಿಡಿಯುವ ಗುಣ ಎಷ್ಟು ಕಡಿಮೆಯಾಗುತ್ತದೆ ನೋಡಬೇಕು. ಅಲೈನ್‌ಮೆಂಟ್ ಅಂಕಿಗಳು, ಆಯಿಲ್ ಲೆಕ್ಕ ಎರಡನ್ನೂ ಮುಂದಿನ ದಾಖಲೆಯಲ್ಲಿ ಹಾಕುತ್ತೇನೆ.