ಮನೆ ನೋಡೋದಾದ್ರೆ ಕಕ್ಕಡದಲ್ಲಿ ನೋಡಿ

ನಾನು ಬಯಲುಸೀಮೆಯ ಚಳ್ಳಕೆರೆಯವಳು. ನಮ್ಮೂರಲ್ಲಿ ಮನೆ ಕೊಳ್ಳೋಕೆ ಹೋದವರು ಮೊದಲು ಕೇಳುವುದು ನೀರು ಬರುತ್ತಾ ಅಂತ. ಮಡಿಕೇರಿಯಲ್ಲೂ ಅದನ್ನೇ ಕೇಳಬೇಕು. ಆದರೆ ಇಲ್ಲಿ ಬರಲ್ಲ ಅಂತ ಉತ್ತರ ಸಿಕ್ಕರೆ ಖುಷಿಪಡಬೇಕು. ಇದು ಅರ್ಥವಾಗೋಕೆ ನನಗೆ ಐದಾರು ತಿಂಗಳು ಹಿಡಿಯಿತು.

ಟ್ರಾನ್ಸ್‌ಫರ್ ಆಗಿ ಇಲ್ಲಿನ ಹೈಸ್ಕೂಲಿಗೆ ಬಂದು ನಾಲ್ಕು ವರ್ಷ. ಇಷ್ಟು ದಿನ ಬಾಡಿಗೆ ಮನೆಯಲ್ಲಿ ಹಾಯಾಗಿದ್ದೆವು. ಜನವರಿಯಲ್ಲಿ ಓನರ್ ಆಂಟಿ ಒಂದು ಬುಟ್ಟಿ ಕಿತ್ತಳೆ ತಂದುಕೊಟ್ಟು, ದಸರಾ ಒಳಗೆ ಮನೆ ಖಾಲಿ ಮಾಡಿಕೊಟ್ಟರೆ ಅನುಕೂಲ, ಹೋಂಸ್ಟೇ ಮಾಡೋಣ ಅಂತಿದ್ದೀವಿ ಅಂದರು. ಕಿತ್ತಳೆ ಚೆನ್ನಾಗಿತ್ತು, ಆ ಮಾತು ಬೇರೆ. ನಾವು ತಿಂಗಳಿಗೆ ಕೊಡುವ ಬಾಡಿಗೆ ಟೂರಿಸ್ಟ್‌ಗಳಿಂದ ಎರಡು ಶನಿವಾರ ಭಾನುವಾರದಲ್ಲಿ ಬಂದುಬಿಡುತ್ತೆ, ಅವರ ಲೆಕ್ಕ ತಪ್ಪು ಅನ್ನೋಕಾಗಲ್ಲ. ಆದರೂ ಅವತ್ತು ರಾತ್ರಿ ನನ್ನ ಗಂಡ, ಇನ್ನು ಯಾರದೋ ಮನೆಗೆ ಮೊಳೆ ಹೊಡೆಯೋಕೆ ಪರ್ಮಿಷನ್ ಕೇಳೋದು ಸಾಕು ಅಂದರು. ಅಲ್ಲಿಂದ ಶುರುವಾಯಿತು.

ಕನಸಿನ ಮನೆ ನನ್ನ ತಲೆಯಲ್ಲಿ ಮೊದಲೇ ರೆಡಿ ಇತ್ತು. ಹಂಚಿನ ಮಾಡು, ಅಡುಗೆಮನೆ ಕಿಟಕಿ ತೆಗೆದರೆ ಕೆಳಗೆ ಮಂಜು ತುಂಬಿದ ಕಣಿವೆ, ಅಂಗಳದಲ್ಲಿ ಸಿಲ್ವರ್ ಮರಕ್ಕೆ ಹಬ್ಬಿದ ಎರಡು ಮೆಣಸಿನ ಬಳ್ಳಿ. ಅಷ್ಟೇ. ಮಾರ್ಚ್‌ನಲ್ಲಿ ಅಂಥದ್ದೇ ಒಂದು ಸಿಕ್ಕಿಬಿಟ್ಟಿತು! ಟೌನಿಂದ ಐದಾರು ಕಿಲೋಮೀಟರ್, ಏಳು ಸೆಂಟ್ ಜಾಗ (ಎಕರೆಯ ನೂರನೇ ಒಂದು ಭಾಗ ಒಂದು ಸೆಂಟ್), ಎರಡು ರೂಮು. ಹಿಂದಿನ ವಾರವಷ್ಟೇ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ ಬಿದ್ದಿತ್ತು, ಸುತ್ತಲಿನ ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿತ್ತು, ಆ ಘಮಕ್ಕೆ ಅರ್ಧ ತಲೆ ಕೆಟ್ಟಿತ್ತು. ಬ್ರೋಕರ್ ಅಣ್ಣ "ಟೀಚರೇ, ಮನೆ ಆಮೇಲೆ ನೋಡಿ, ಮೊದಲು ವ್ಯೂ ನೋಡಿ" ಅಂದರು. ನೋಡಿದೆ. ಅವತ್ತೇ ಐವತ್ತು ಸಾವಿರ ಅಡ್ವಾನ್ಸ್ ಕೊಟ್ಟುಬಿಡೋಣ ಅಂತ ನಾನೇ ಗಂಡನಿಗೆ ಮೊಣಕೈಯಲ್ಲಿ ತಿವಿದೆ.

ತಡೆದಿದ್ದು ನಮ್ಮ ಬಾಡಿಗೆ ಮನೆಯ ಪಕ್ಕದ ಮನೆ ಅಜ್ಜ. ಮಾಜಿ ಸೈನಿಕರು, ಜಾಸ್ತಿ ಮಾತಾಡುವವರಲ್ಲ. ವಾಪಸ್ ಬಂದು ನಾವು ಮಾತಾಡುತ್ತಿದ್ದುದನ್ನು ಬೇಲಿ ಆಚೆಯಿಂದ ಕೇಳಿಸಿಕೊಂಡು, "ಮನೆ ನೋಡೋದಾದ್ರೆ ಕಕ್ಕಡದಲ್ಲಿ ನೋಡಮ್ಮ, ಮಾರ್ಚಲ್ಲಿ ಎಲ್ಲಾ ಮನೆನೂ ಚಂದ" ಅಂದರು. ಕಕ್ಕಡ ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳು, ಇಲ್ಲಿ ಮಳೆ ಅತಿ ಜೋರಾಗಿರುವ ಕಾಲ. ಆ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ನೇರಳೆ ಬಣ್ಣದ್ದು. ಮೊದಲ ವರ್ಷ ನಾನು ಎರಡು ಬಟ್ಟಲು ತಿಂದು, ಮಾರನೇ ದಿನ ಬಚ್ಚಲಲ್ಲಿ ಮೂತ್ರದ ಬಣ್ಣ ನೋಡಿ ಡಾಕ್ಟರ್ ಹತ್ತಿರ ಓಡೋದೊಂದು ಬಾಕಿ.

ಸರಿ, ಕಾಯೋಣ ಅಂದುಕೊಂಡೆವು. ಕಾಯುವ ಹೊತ್ತಲ್ಲಿ ಕಾಗದಪತ್ರ ನೋಡಿಸಿದೆವು. ಅಲ್ಲಿ ಇನ್ನೊಂದು ಲೋಕ ತೆರೆಯಿತು. ಜಮ್ಮಾ, ಬಾಣೆ, ಪೈಸಾರಿ. ಬಾಣೆ ಅಂದರೆ ಗದ್ದೆಯ ಜೊತೆಗೆ ಸೊಪ್ಪು ಸೌದೆಗೆ ಅಂತ ಕೊಟ್ಟಿದ್ದ ಕಾಡು ಜಾಗ. ಪೈಸಾರಿ ಅಂದರೆ ಸರ್ಕಾರಿ ಜಾಗ, ಅದರ ತಂಟೆಗೆ ಹೋಗಬಾರದು ಅಂತ ಬೇಗ ಗೊತ್ತಾಯಿತು. ಜಮ್ಮಾ ಅಂದರೆ ರಾಜರ ಕಾಲದಿಂದ ಕುಟುಂಬಕ್ಕೆ ಬಂದಿರುವ ಭೂಮಿ. ನಾನು ಮೆಚ್ಚಿದ ಮನೆಯ ಆರ್‌ಟಿಸಿ (ಪಹಣಿ) ತೆಗೆಸಿದರೆ ಪಟ್ಟೇದಾರರ, ಅಂದರೆ ಕುಟುಂಬದ ಹಿರಿಯರ ಹೆಸರು, ಅದರ ಕೆಳಗೆ ಕುಟುಂಬದವರ ಹೆಸರು ಮದುವೆ ಕಾಗದದ ಥರ ಸಾಲಾಗಿ. ಹದಿನಾಲ್ಕು ಜನ. ಅದರಲ್ಲಿ ಇಬ್ಬರು ಈಗಿಲ್ಲ, ಒಬ್ಬರು ದುಬೈಯಲ್ಲಿ. ನಮ್ಮ ಲಾಯರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಏನೂ ಹೇಳಲಿಲ್ಲ.

ದುಡ್ಡಿನ ಲೆಕ್ಕವೂ ಅಷ್ಟೇ. ನಾವು ಇಪ್ಪತ್ತನಾಲ್ಕು ಲಕ್ಷ ಅಂತ ಗೆರೆ ಹಾಕಿಕೊಂಡಿದ್ದೆವು. ಮೂವತ್ತು ಲಕ್ಷದೊಳಗಿನ ಸಾಲಕ್ಕೆ ಬ್ಯಾಂಕು 90 ಪರ್ಸೆಂಟ್‌ವರೆಗೆ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ಕೊಡಲೇಬೇಕು ಅಂತಿಲ್ಲ. ಮುದ್ರಾಂಕ ಶುಲ್ಕ 5 ಪರ್ಸೆಂಟ್ ಅಂದರೆ 1,20,000. ನೋಂದಣಿ ಶುಲ್ಕ ಮೊದಲು 1 ಪರ್ಸೆಂಟ್ ಇತ್ತು, 2025ರ ಆಗಸ್ಟ್ ಕೊನೆಯಿಂದ 2 ಆಗಿದೆ, ಅದು 48,000. ಸೆಸ್ಸು ಸರ್‌ಚಾರ್ಜು ಬೇರೆ. ಈ ಲೆಕ್ಕ ಹಾಕಿದ ದಿನ ನಾನು ಕನಸಿಂದ ಒಂದು ಮೆಣಸಿನ ಬಳ್ಳಿ ಕಿತ್ತುಹಾಕಿದೆ. ಅಂದಹಾಗೆ ನೋಂದಣಿ ಇಲಾಖೆಯ ಸಾಫ್ಟ್‌ವೇರ್ ಹೆಸರು ಕಾವೇರಿ. ಕಾವೇರಿ ಹೊಳೆ ಹುಟ್ಟುವ ಕೊಡಗಲ್ಲೇ ಕೂತು ಆ ಕಾವೇರಿಗಾಗಿ ಕಾಯೋದು, ಸೈಟ್ ಓಪನ್ ಆಗದೆ ರಾತ್ರಿ ಹನ್ನೊಂದಕ್ಕೆ ಫೋನು ಅಲ್ಲಾಡಿಸೋದು, ಅದೊಂದು ಬೇರೆಯೇ ತೀರ್ಥಯಾತ್ರೆ.

ಬೆಟ್ಟವೇ ಬೇಡ, ಸಮತಟ್ಟಾದ ಕುಶಾಲನಗರಕ್ಕೆ ಹೋಗೋಣ ಅಂದರು ಗಂಡ. ಹೋಗಿ ನೋಡಿದೆವು. ರಸ್ತೆ ಅಗಲ, ಬಿಸಿಲು ಬರುತ್ತೆ, ನಮ್ಮೂರಿನವರಿಗೆ ಹೇಳಿ ಮಾಡಿಸಿದ ಜಾಗ. ಆದರೆ ಹೊಳೆ ಬದಿಯ ಒಂದು ಬಡಾವಣೆಯಲ್ಲಿ ಮನೆ ತೋರಿಸಿದವರ ಗೋಡೆಯ ಮೇಲೆ ಸೊಂಟದ ಎತ್ತರಕ್ಕೆ ಒಂದು ಗೆರೆ ಇತ್ತು, ಬಣ್ಣ ಹೊಡೆದರೂ ಮಾಸಿರಲಿಲ್ಲ. ಕೇಳಿದರೆ, 2018ರಲ್ಲಿ ಕಾವೇರಿ ಬಂದಿದ್ಲು, 2019ರಲ್ಲೂ ಬಂದ್ಲು ಅಂದರು, ನೆಂಟರ ಬಗ್ಗೆ ಹೇಳಿದ ಹಾಗೆ.

2018ರ ಆಗಸ್ಟಲ್ಲಿ ಇಲ್ಲಿ ಗುಡ್ಡಗಳು ಕುಸಿದಾಗ ನಾನು ಇಲ್ಲಿರಲಿಲ್ಲ. ಮಕ್ಕಂದೂರು, ಜೋಡುಪಾಲ, ಮದೆನಾಡು ಇವೆಲ್ಲ ನನಗೆ ಟಿವಿಯಲ್ಲಿ ಕೇಳಿದ ಹೆಸರುಗಳು. ನನ್ನ ಕ್ಲಾಸಿನ ಮಕ್ಕಳಿಗೆ ಹಾಗಲ್ಲ. ಮನೆ ಹುಡುಕುತ್ತಿದ್ದೀನಿ ಅಂತ ಒಂದು ದಿನ ಬಾಯಿತಪ್ಪಿ ಹೇಳಿದೆ, ನೋಡಿ, ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚು ನನಗೇ ಪಾಠ ಮಾಡಿತು. "ಮಿಸ್, ಮನೆ ಹಿಂದೆ ಬರೆ ಎಷ್ಟಿದೆ ನೋಡಿ." ಬರೆ ಅಂದರೆ ಇಲ್ಲಿ ಮನೆ ಕಟ್ಟೋಕೆ ಗುಡ್ಡ ಕಡಿದಾಗ ಹಿಂದೆ ನಿಲ್ಲುವ ಮಣ್ಣಿನ ಗೋಡೆ. "ಮಿಸ್, ಅಲ್ಲಿರೋ ಮರ, ಕರೆಂಟ್ ಕಂಬ ವಾಲಿದ್ಯಾ ನೋಡಿ." "ಒರತೆ ನೀರು ಕೆಂಪಾದ್ರೆ ಬಟ್ಟೆಬರೆ ಅಂತ ನಿಲ್ಲಬೇಡಿ ಮಿಸ್, ಓಡಿ." ಹದಿನಾಲ್ಕು ವರ್ಷದ ಮಕ್ಕಳು. ಕರ್ಮಧಾರಯ ಸಮಾಸ ಕೇಳಿದರೆ ಮಾತ್ರ ಕಿಟಕಿ ಕಡೆ ನೋಡುತ್ತಾರೆ.

ಜುಲೈ ಮೂರನೇ ವಾರ ಮಾರ್ಚಿನ ಮನೆಗೆ ಮತ್ತೆ ಹೋದೆವು. ಬ್ರೋಕರ್‌ಗೆ ಹೇಳದೆ. ವ್ಯೂ ಇರಲಿಲ್ಲ, ಗೇಟಿನಿಂದ ಬಾಗಿಲೇ ಕಾಣುತ್ತಿರಲಿಲ್ಲ. ಅಡುಗೆಮನೆಯಲ್ಲಿ ಹಿಂದಿನ ಗೋಡೆಯ ಬುಡದುದ್ದಕ್ಕೂ ಗೋಣಿಚೀಲ ಮಡಚಿ ಇಟ್ಟಿದ್ದರು. ಒಂದನ್ನು ಆ ಮನೆಯಾಕೆ ಎತ್ತಿ ಹಿಂಡಿದರು, ಅರ್ಧ ಬಕೆಟ್ ನೀರು. ನೆಲ ಮತ್ತು ಗೋಡೆ ಸೇರುವ ಸಂದಿಯಿಂದ ಬೆವರಿದ ಹಾಗೆ ನೀರು ಜಿನುಗುತ್ತಿತ್ತು. ಗೋಡೆಗೆ ಬೆರಳಿಟ್ಟರೆ ಸುಣ್ಣ ನೆಂದ ಬಿಸ್ಕತ್ತಿನ ಥರ ಎದ್ದು ಬಂತು. ಹಿತ್ತಲಲ್ಲಿ ಎರಡಾಳೆತ್ತರದ ಬರೆ, ಅದಕ್ಕೆ ನೀಲಿ ಟಾರ್ಪಾಲ್ ಹೊದಿಸಿ ಮರಳಿನ ಚೀಲ ಹೇರಿದ್ದರು. ಮಾರ್ಚಲ್ಲಿ ಇದನ್ನು ನಾನು ನೋಡಿರಲೇ ಇಲ್ಲ, ಬೆನ್ನು ಹಾಕಿ ಕಣಿವೆ ನೋಡುತ್ತಾ ನಿಂತಿದ್ದೆ. "ಪ್ರತಿ ವರ್ಷ ಹೀಗೇ ಅಕ್ಕ, ಸೆಪ್ಟೆಂಬರಿಗೆ ನಿಲ್ಲುತ್ತೆ" ಅಂದರು ಆಕೆ. ಮುಚ್ಚಿಡಲಿಲ್ಲ. ಕಾಫಿ ಕೊಟ್ಟರು. ನನಗೆ ಮುಖ ಕೊಟ್ಟು ಬೇಡ ಅನ್ನೋಕಾಗದೆ, ಫೋನ್ ಮಾಡ್ತೀವಿ ಅಂತ ಹೇಳಿ ಬಂದೆ. ಇನ್ನೂ ಮಾಡಿಲ್ಲ.

ಈಗ ಕಣ್ಣಿಟ್ಟಿರುವುದು ಸುಂಟಿಕೊಪ್ಪದ ಒಂದು ಮನೆ ಮೇಲೆ. ಐದು ಸೆಂಟ್. ಚಂದ ಅಂತ ಹೇಳೋಕೆ ಬಾಯಿ ಬರಲ್ಲ. ಶೀಟಿನ ಮಾಡು, ಅಡುಗೆಮನೆ ಕಿಟಕಿ ತೆಗೆದರೆ ಪಕ್ಕದವರ ಬಚ್ಚಲ ಗೋಡೆ, ಮುಂದೆ ಒಂದು ಹಲಸಿನ ಮರ. ಆದರೆ ಹಿಂದೆ ಬರೆ ಇಲ್ಲ. ಕೃಷಿ ಜಾಗ ಮನೆ ಜಾಗವಾಗಿ ಕನ್ವರ್ಷನ್ ಆಗಿದೆ, ಇ-ಖಾತೆ ಇದೆ, ಮಾಲೀಕರು ಒಬ್ಬರೇ, ಬದುಕಿದ್ದಾರೆ. ಒಳಗೆ ಅಟ್ಟದುದ್ದಕ್ಕೂ ಬಟ್ಟೆ ಒಣಗಿಸೋಕೆ ಬಿದಿರಿನ ಗಳ ಕಟ್ಟಿದ್ದಾರೆ. ಜೂನಿಂದ ಅಗ್ಗಿಷ್ಟಿಕೆ ಮುಂದೆ ಮಗಳ ಯೂನಿಫಾರ್ಮ್ ಹಿಡಿದು ಕೂತವಳಿಗೆ ಆ ಗಳ ಕಂಡು ಕಣಿವೆ ಮರೆತೇ ಹೋಯಿತು.

ಅವತ್ತು ನೆಲ ಮುಟ್ಟಿ ನೋಡಿದೆ, ಗೋಡೆ ಮುಟ್ಟಿ ನೋಡಿದೆ, ಹಲಸಿನ ಮರ ನೆಟ್ಟಗಿದೆಯಾ ಅಂತ ಕತ್ತು ಓರೆ ಮಾಡಿ ನೋಡಿದೆ. ಮಾಲೀಕರು, "ನಿನ್ನೆ ನಿಮ್ಮ ಕಡೆ ಎಷ್ಟು?" ಅಂದರು. ಇಲ್ಲಿ ಮಳೆಯನ್ನು ಮಿಲಿಮೀಟರಲ್ಲಿ ಹೇಳುವುದು ಪೇಪರಿನವರು ಮಾತ್ರ. ಜನ ಇಂಚಲ್ಲಿ, ಇಂಚಿನ ನೂರನೇ ಒಂದು ಭಾಗವಾದ ಸೆಂಟಲ್ಲಿ ಹೇಳುತ್ತಾರೆ. ಜಾಗಕ್ಕೂ ಸೆಂಟು, ಮಳೆಗೂ ಸೆಂಟು. "ನಾಲ್ಕು ಇಂಚು ಇಪ್ಪತ್ತು ಸೆಂಟ್" ಅಂತ ನನ್ನ ಗಂಡ ಅಲ್ಲೇ ಹುಟ್ಟಿ ಬೆಳೆದವರ ಥರ ಹೇಳಿದ್ದು ಕೇಳಿ ನಗು ಬಂತು. ಬೆಳಿಗ್ಗೆ ಪಕ್ಕದ ಮನೆ ಅಜ್ಜನ ಹತ್ತಿರ ಕೇಳಿಕೊಂಡು ಬಂದಿದ್ದರು.

ಅಷ್ಟರಲ್ಲಿ ಶೀಟಿನ ಮೇಲೆ ಮಳೆ ಜೋರಾಯಿತು. ಲಾರಿಯಿಂದ ಜಲ್ಲಿ ಸುರಿದ ಹಾಗೆ. ರೇಟ್ ಮಾತಾಡುವುದೂ ಅದೇ ಹೊತ್ತಿಗೆ ಶುರುವಾಯಿತು, ಇಬ್ಬರೂ ಕಿವಿಗೆ ಕೈ ಇಟ್ಟುಕೊಂಡು ಕೂಗಾಡಿದರು. ಇಪ್ಪತ್ತೆರಡು ಅಂದರು ಅಂತ ನನ್ನ ಗಂಡ. ಇಪ್ಪತ್ತೇಳು ಅಂದರು ಅಂತ ನಾನು. ಭಾನುವಾರ ಮತ್ತೆ ಹೋಗುತ್ತಿದ್ದೇವೆ, ಮಳೆ ನಿಂತಿದ್ದರೆ ಇನ್ನೊಂದು ಸಲ ಕೇಳಬೇಕು.