ಹ್ಯೂಮನಾಯ್ಡ್ ರೋಬೋಟ್ ಯಾವುದು ತಗೊಳ್ಳೋದು, ಸರ್?

ಮಾರ್ಚ್ ಹತ್ತಿರ ಬಂತೆಂದರೆ ಈ ಪ್ರಶ್ನೆ ಶುರು. ಸುರತ್ಕಲ್‌ನಿಂದ ಮಣಿಪಾಲದವರೆಗೆ ಶಾಲೆ, ಕಾಲೇಜುಗಳಲ್ಲಿ ರೋಬೋಟಿಕ್ಸ್ ಕಾರ್ಯಾಗಾರ ಮಾಡಿಸುವವನು ನಾನು. ಬಜೆಟ್ ಸ್ವಲ್ಪ ಉಳಿದಿರುತ್ತದೆ, 31ನೇ ತಾರೀಕಿನೊಳಗೆ ಖರ್ಚು ಮಾಡಬೇಕಾಗಿರುತ್ತದೆ, ಆಗ ಫೋನ್ ಬರುತ್ತದೆ. "ಸರ್, ಮನುಷ್ಯನ ಹಾಗೆ ನಡೆಯುವ ರೋಬೋಟ್ ಒಂದು ಬೇಕಿತ್ತು. ಜಾಸ್ತಿ ರೇಟಿಂದು ಬೇಡ. ಮಕ್ಕಳಿಗೆ ಕಲೀಲಿಕ್ಕೂ ಆಗ್ಬೇಕು, ರಿಸರ್ಚಿಗೂ ಆಗ್ಬೇಕು. ಯಾವುದು ಒಳ್ಳೆಯದುಂಟು?"

ಎಲ್ಲರಿಗೂ ನಾನು ಹೇಳುವುದು ಒಂದೇ. ಅದು ಹೇಗೆ ನಡೆಯುತ್ತದೆ ಅಂತ ವಿಡಿಯೋ ನೋಡಿ ತಗೋಬೇಡಿ. ಬಿದ್ದಾಗ ಏನಾಗುತ್ತದೆ ಅಂತ ಕೇಳಿ ತಗೊಳ್ಳಿ. ಎರಡು ಕಾಲಿನ ಯಂತ್ರ ಬಿದ್ದೇ ಬೀಳುತ್ತದೆ. ಬಿದ್ದಾಗ ಯಾವ ಭಾಗ ಮುರಿಯುತ್ತದೆ, ಅದು ಎಲ್ಲಿ ಸಿಗುತ್ತದೆ, ನಿಮ್ಮ ಲ್ಯಾಬಿನಲ್ಲಿ ಅದನ್ನು ಯಾರು ಹಾಕುತ್ತಾರೆ? ಇದಕ್ಕೆ ಉತ್ತರ ಇಲ್ಲದೆ ತಂದ ರೋಬೋಟ್ ಮೊದಲ ವರ್ಷ ಉದ್ಘಾಟನೆಯಲ್ಲಿ ಅತಿಥಿಗಳಿಗೆ ಹೂಗುಚ್ಛ ಕೊಡುತ್ತದೆ, ಎರಡನೇ ವರ್ಷ ಗಾಜಿನ ಕಪಾಟು ಸೇರುತ್ತದೆ. ಅಂಥ ಕಪಾಟು ನಮ್ಮ ಕಡೆ ಬೇಕಾದಷ್ಟಿವೆ.

ಅಗ್ಗ ಅನ್ನುವುದರ ಲೆಕ್ಕ ಸ್ವಲ್ಪ ನೋಡೋಣ. ಹ್ಯೂಮನಾಯ್ಡ್‌ಗಳ ಬೆಲೆ ಏರುವುದು ಮುಖ್ಯವಾಗಿ ಕಾಲಿನ ಮೋಟಾರುಗಳಿಂದ. 2010ರಲ್ಲಿ ಕೊರಿಯಾದ ರೋಬೋಟಿಸ್ ಕಂಪನಿ ಅಮೆರಿಕದ ವರ್ಜೀನಿಯಾ ಟೆಕ್ ಜೊತೆ ಸೇರಿ ಡಾರ್ವಿನ್-ಓಪಿ ಅನ್ನುವ ರೋಬೋಟ್ ತಂದಿತು. ಎತ್ತರ ಸುಮಾರು 45 ಸೆಂ.ಮೀ., ತೂಕ 3 ಕೆ.ಜಿ.ಗೆ ಸ್ವಲ್ಪ ಕಡಿಮೆ, ಮೋಟಾರು 20, ಬೆಲೆ ಆಗ ಸುಮಾರು 12,000 ಡಾಲರ್. ಅದರಲ್ಲಿದ್ದ ಎಂಎಕ್ಸ್-28 ಮೋಟಾರಿನ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಶಕ್ತಿ, 2.5 ನ್ಯೂಟನ್ ಮೀಟರ್. ಈಗ ಎಲ್ಲರ ಬಾಯಲ್ಲಿರುವ ಚೀನಾದ ಯೂನಿಟ್ರೀ ಜಿ1 ನೋಡಿ. 2024ರ ಮೇ ತಿಂಗಳಲ್ಲಿ ಬಂದಾಗ ಹೇಳಿದ ಬೆಲೆ 16,000 ಡಾಲರ್. ಎತ್ತರ ಸುಮಾರು 1.3 ಮೀಟರ್, ತೂಕ 35 ಕೆ.ಜಿ., ಮೊಣಕಾಲಿಗೆ 90 ನ್ಯೂಟನ್ ಮೀಟರ್.

ಎತ್ತರ ಹತ್ತಿರ ಹತ್ತಿರ ಮೂರು ಪಟ್ಟು, ತೂಕ ಹನ್ನೆರಡು ಪಟ್ಟು. ಎರಡನ್ನೂ ಗುಣಿಸಿದರೆ 36. 2.5ನ್ನು 36ರಿಂದ ಗುಣಿಸಿ, ಸರಿಯಾಗಿ 90 ಬರುತ್ತದೆ! ಲೆಕ್ಕ ಇಷ್ಟು ಚೆಂದ ಕೂತದ್ದು ಸ್ವಲ್ಪ ಅದೃಷ್ಟವೇ. ಆದರೆ ಮೊಣಕಾಲಿನ ಮೇಲಿನ ಹೊರೆ ತೂಕ ಮತ್ತು ಕಾಲಿನ ಉದ್ದ ಎರಡನ್ನೂ ಗುಣಿಸಿದ ಹಾಗೆ ಏರುತ್ತದೆ ಅನ್ನುವುದಂತೂ ನಿಜ. ಬೀಳುವಾಗಿನ ಏಟೂ ಹಾಗೆಯೇ, ಅದೂ 36 ಪಟ್ಟು. ಡಾರ್ವಿನ್ ಬಿದ್ದರೆ ಹುಡುಗರು ನಗುತ್ತಾ ಒಂದು ಕೈಯಲ್ಲಿ ಎತ್ತಿ ನಿಲ್ಲಿಸುತ್ತಾರೆ. ಜಿ1 ಬಿದ್ದರೆ ಎಲ್ಲರೂ ಹಿಂದೆ ಸರಿಯಬೇಕು. ಅದರ ಮೇಲೆ ಚೈನ್ ಕಟ್ಟುವ ಕಬ್ಬಿಣದ ಫ್ರೇಮ್ ಬೇಕು, ಕೈಯಲ್ಲಿ ಸ್ಟಾಪ್ ಬಟನ್ ಹಿಡಿದ ಒಬ್ಬರು ಯಾವಾಗಲೂ ಬೇಕು. ಹೈಸ್ಕೂಲಿನ ಕ್ಲಾಸಿಗೆ ಅದನ್ನು ತರುವುದು ನನಗಂತೂ ಸರಿ ಕಾಣುವುದಿಲ್ಲ.

ಸಣ್ಣದಾದರೆ ಬಿದ್ದರೂ ಪರವಾಗಿಲ್ಲವಾ? ಹಾಗೂ ಅಲ್ಲ. ಸರ್ವೋ ಅಂದರೆ ಗಿಯರ್ ಸೇರಿಸಿದ ಸಣ್ಣ ಮೋಟಾರು, ಸತ್ತದ್ದೊಂದನ್ನು ಬಿಚ್ಚಿ ನೋಡಿ, ಗೊತ್ತಾಗುತ್ತದೆ. ನಾಲ್ಕು ಉದ್ದದ ಸ್ಕ್ರೂ ತೆಗೆದು ಮುಚ್ಚಳ ಎತ್ತಿದರೆ ಬಿಳಿ ಇದ್ದ ಗ್ರೀಸು ಕಪ್ಪಾಗಿರುತ್ತದೆ. ಒಂದು ಗಿಯರಿನ ಎರಡು ಮೂರು ಹಲ್ಲು ಬಾಗಿ, ಪಕ್ಕದ ಹಲ್ಲಿಗೆ ಒರಗಿರುತ್ತವೆ. ಹೊರಗೆ ತಿರುಗುವ ಬಿಲ್ಲೆಯನ್ನು (ಹಾರ್ನ್) ಹಿಡಿದು ಕೈಯಲ್ಲೇ ತಿರುಗಿಸಿದರೆ ಅದೇ ಜಾಗಕ್ಕೆ ಬಂದಾಗ "ಕಟಕ್" ಅಂತ ಜಾರುತ್ತದೆ. ಹೆಚ್ಚಾಗಿ ಇದು ಮೊಣಕಾಲಿನದ್ದು, ಇಲ್ಲವೇ ಪಾದದ ಗಂಟಿನದ್ದು. ಗಿಯರ್ ಸೆಟ್ ಬೇರೆಯಾಗಿ ಸಿಗುವ ಕಂಪನಿಯಾದರೆ ಅರ್ಧ ಗಂಟೆಯ ಕೆಲಸ. ಸಿಗದಿದ್ದರೆ ಇಡೀ ಮೋಟಾರು ತರಿಸಬೇಕು. ಇಡೀ ಕಾಲನ್ನೇ ಕಳಿಸಿ ಅನ್ನುವ ಕಂಪನಿಗಳೂ ಇವೆ, ಅವರ ಹತ್ತಿರ ಹೋಗಲೇಬೇಡಿ.

ಸರ್ವೋದಲ್ಲೇ ಎರಡು ಜಾತಿ. ಆಟಿಕೆ ಕಾರಿನಲ್ಲಿ ಬರುವಂಥದ್ದು ಹೇಳಿದ ಕಡೆ ತಿರುಗುತ್ತದೆ, ವಾಪಸ್ ಏನೂ ಹೇಳುವುದಿಲ್ಲ. ಬಸ್ ಸರ್ವೋ ಅನ್ನುವುದು ಒಂದಕ್ಕೊಂದು ಸರಪಳಿಯಂತೆ ಜೋಡಿಸುವಂಥದ್ದು. ಪ್ರತಿಯೊಂದಕ್ಕೂ ಒಂದು ನಂಬರ್. ಕೇಳಿದರೆ ಈಗ ಎಷ್ಟು ಡಿಗ್ರಿಯಲ್ಲಿದ್ದೇನೆ, ಎಷ್ಟು ಬಿಸಿಯಾಗಿದ್ದೇನೆ, ಎಷ್ಟು ವೋಲ್ಟ್ ಬರುತ್ತಿದೆ ಅಂತ ಹೇಳುತ್ತದೆ. ಕಲಿಕೆಗೆ ಎರಡನೆಯದೇ ಬೇಕು. ರೋಬೋಟ್ ಮೊಣಕಾಲು ಬಗ್ಗಿಸಿ ಸುಮ್ನೆ ನಿಂತಿದ್ದರೂ ಆ ಮೋಟಾರಿನ ಬಿಸಿ ಏರುತ್ತಾ ಹೋಗುವುದನ್ನು ಮಕ್ಕಳು ಸ್ಕ್ರೀನಿನಲ್ಲಿ ನೋಡಬಹುದು. ನಿಲ್ಲುವುದೂ ಕೆಲಸವೇ ಅಂತ ಅವರಿಗೆ ಅರ್ಥವಾಗುವುದು ಆಗಲೇ.

ಇನ್ನು ಬೀಗದ ವಿಷಯ, ಅಂದರೆ ನಮ್ಮದೇ ಪ್ರೋಗ್ರಾಂ ಹಾಕಲು ಕಂಪನಿ ಬಿಡದಿರುವುದು. ಕಡಿಮೆ ಬೆಲೆ ಅಂತ ಜಾಹೀರಾತಿನಲ್ಲಿ ಕಾಣುವುದು ಹೆಚ್ಚಾಗಿ ರಿಮೋಟಿನಲ್ಲಿ ಓಡಿಸುವ ಮಾದರಿ. ಜಿ1ನಲ್ಲಿ ನಿಮ್ಮದೇ ಪ್ರೋಗ್ರಾಂ ಓಡಿಸಬೇಕಾದರೆ ಇಡಿಯು ಅನ್ನುವ ಬೇರೆ ಮಾದರಿ ತಗೋಬೇಕು, ಅದರ ರೇಟೇ ಬೇರೆ. 2025ರ ಜುಲೈನಲ್ಲಿ ಅದೇ ಕಂಪನಿ ಆರ್1 ಅನ್ನುವುದನ್ನು 5,900 ಡಾಲರಿಗೆ ಘೋಷಿಸಿದಾಗ ನನ್ನ ಫೋನು ಸುಮ್ಮನಾಗಲೇ ಇಲ್ಲ. "ಐದಾರು ಲಕ್ಷಕ್ಕೆ ಬರ್ತದಂತೆ ಮಾರಾಯ್ರೇ!" ಬರ್ತದೆ. ಆದರೆ ಲಾಗ ಹಾಕಿಸಿ ವಿಡಿಯೋ ಮಾಡಿದ ಮೇಲೆ ಅದರ ಮುಂದೆ ಸಂಶೋಧನಾ ವಿದ್ಯಾರ್ಥಿಯನ್ನು ಕೂರಿಸಿದರೆ ಅವನು ಏನು ಮಾಡಬೇಕು? ಯಾವ ಮೋಟಾರಿಗೆ ನೇರವಾಗಿ ಆಜ್ಞೆ ಕೊಡಬಹುದು, ಯಾವ ಸೆನ್ಸರ್ ಓದಬಹುದು ಅನ್ನುವುದನ್ನು ಬರವಣಿಗೆಯಲ್ಲಿ ತಗೊಂಡ ಮೇಲೆಯೇ ದುಡ್ಡಿನ ಮಾತು.

ಕಂಪನಿಯ ಆಯುಷ್ಯವನ್ನೂ ನೋಡಬೇಕು. ಫ್ರಾನ್ಸಿನ ಆಲ್ಡೆಬರನ್ ಕಂಪನಿಯ ನಾವೋ ರೋಬೋಟ್ ಜಗತ್ತಿನ ಎಷ್ಟೋ ಕ್ಲಾಸ್‌ರೂಮುಗಳಲ್ಲಿದೆ. 58 ಸೆಂ.ಮೀ. ಎತ್ತರ, ಮುದ್ದು ಮುಖ. ರೋಬೋಟುಗಳ ಪಂದ್ಯವಾದ ರೋಬೋಕಪ್ ಫುಟ್ಬಾಲಿನಲ್ಲಿ ವರ್ಷಗಟ್ಟಲೆ ಒಂದು ವಿಭಾಗದಲ್ಲಿ ಎಲ್ಲ ತಂಡಗಳೂ ಆಡಿಸುತ್ತಿದ್ದುದು ಅದನ್ನೇ. ಅಂಥ ಕಂಪನಿ 2025ರಲ್ಲಿ ದಿವಾಳಿಯಾಗಿ, ಆಸ್ತಿಯನ್ನು ಚೀನಾದ ಮ್ಯಾಕ್ಸ್‌ವಿಷನ್ ಕೊಂಡುಕೊಂಡಿತು. ನಾವೋದ ಹಳೆಯ ಪೈಥಾನ್ ಕಿಟ್ ಇನ್ನೂ 2.7ರ ಕಾಲದ್ದು, ಆ ಪೈಥಾನಿಗೆ 2020ರಲ್ಲೇ ಬೆಂಬಲ ನಿಂತಿದೆ. ಸೆಕೆಂಡ್ ಹ್ಯಾಂಡ್ ನಾವೋ ಅಗ್ಗಕ್ಕೆ ಸಿಗುತ್ತದೆ ಅಂತ ಕುಣಿಯುವ ಮೊದಲು ಬ್ಯಾಟರಿ ಎಲ್ಲಿಂದ ತರುತ್ತೀರಿ ಅಂತ ಯೋಚಿಸಿ.

ಕುಣಿತ ಅಂದಾಗ ನೆನಪಾಯಿತು. "ಇದರ ಹತ್ರ ಯಕ್ಷಗಾನ ಮಾಡಿಸ್ಬಹುದಾ?" ಉಡುಪಿ ಕಡೆಯ ಯಾವ ಕಾಲೇಜಿಗೆ ಹೋದರೂ ಈ ಪ್ರಶ್ನೆ ಇದ್ದದ್ದೇ. ಕೈಯ ಅಭಿನಯ ಸ್ವಲ್ಪ ಮಾಡಿಸಬಹುದು, ಕೇದಿಗೆ ಮುಂದಲೆ ಕಟ್ಟಿ ಫೋಟೋ ತೆಗೆಸಬಹುದು. ನಾವೋಗೆ ಸೊಂಟ ತಿರುಗಿಸುವ ಮೋಟಾರೇ ಇಲ್ಲ. ಎರಡೂ ಕಾಲು ಸೊಂಟಕ್ಕೆ ಸೇರುವಲ್ಲಿ ಕಾಲನ್ನು ಹೊರಕ್ಕೆ ತಿರುಗಿಸಲು ಒಂದೇ ಮೋಟಾರನ್ನು ಹಂಚಿದ್ದಾರೆ. ಒಂದು ಕಾಲು ಹೊರಕ್ಕೆ ತಿರುಗಿದರೆ ಇನ್ನೊಂದೂ ತಿರುಗಲೇಬೇಕು. ಹಾರಿ ಸುತ್ತುವ ದಿಗಿಣದ ಆಸೆ ಬಿಟ್ಟುಬಿಡಿ. ಆದರೆ ಯಾವ ಹೆಜ್ಜೆ ಯಾಕೆ ಆಗುವುದಿಲ್ಲ ಅಂತ ಮಕ್ಕಳಿಂದ ಪಟ್ಟಿ ಮಾಡಿಸಿದರೆ ಅದು ಒಳ್ಳೆಯ ಪ್ರಾಜೆಕ್ಟ್.

ತರಿಸುವ ಖರ್ಚು ಬೇರೆ. ಡಾಲರ್ ಬೆಲೆಯನ್ನು ರೂಪಾಯಿಗೆ ತಿರುಗಿಸಿ ಅಷ್ಟೇ ಅಂದುಕೊಂಡರೆ ಆಗುವುದಿಲ್ಲ. ಯಂತ್ರದ ಪಟ್ಟಿಯಲ್ಲಿ ಬಂದರೆ ಮೂಲ ಸುಂಕ 7.5%, ಅದರ ಮೇಲೊಂದು ಸಣ್ಣ ಸರ್ಚಾರ್ಜ್, ಮತ್ತೆ ಎಲ್ಲದರ ಮೇಲೆ 18% ಐಜಿಎಸ್‌ಟಿ. ನೂರು ರೂಪಾಯಿಯ ಸಾಮಾನು ನೂರಿಪ್ಪತ್ತೆಂಟಾಗುತ್ತದೆ, ಸಾಗಣೆ ಬೇರೆ. ಸಣ್ಣ ರೋಬೋಟನ್ನು ಕಸ್ಟಮ್ಸಿನವರು ಆಟಿಕೆ ಅಂದುಬಿಟ್ಟರೆ ಕತೆ ಮುಗಿಯಿತು. 2023ರಲ್ಲಿ ಆಟಿಕೆಗಳ ಸುಂಕವನ್ನು 70%ಗೆ ಏರಿಸಿದ್ದಾರೆ, ಬಿಐಎಸ್‌ನ ಗುಣಮಟ್ಟದ ಗುರುತೂ ಬೇಕು. ಜಿ1ನಂಥದ್ದರ ಲಿಥಿಯಂ ಬ್ಯಾಟರಿ 400 ವ್ಯಾಟ್-ಅವರ್ ದಾಟುತ್ತದೆ. ವಿಮಾನದಲ್ಲಿ ಅದು ಅಪಾಯಕಾರಿ ಸರಕು, ಕಾಗದಪತ್ರ ಸರಿ ಇಲ್ಲದಿದ್ದರೆ ರೋಬೋಟ್ ಬಂದು ಬ್ಯಾಟರಿ ಹಿಂದೆ ಉಳಿಯುತ್ತದೆ. ಸರ್ಕಾರಿ ಸಂಸ್ಥೆಯಾದರೆ ಇನ್ನೊಂದು ತೊಡಕುಂಟು. ಭೂಗಡಿ ಹಂಚಿಕೊಂಡ ದೇಶಗಳ ಕಂಪನಿಗಳು ಟೆಂಡರಿಗೆ ಬರಬೇಕಾದರೆ ಮೊದಲು ನೋಂದಣಿ ಆಗಿರಬೇಕು ಅಂತ 2020ರ ಜುಲೈನಲ್ಲಿ ನಿಯಮ ಬಂದಿದೆ. ಚೀನಾದ ರೋಬೋಟ್ ಕೇಳುವ ಮೊದಲು ನಿಮ್ಮ ಪರ್ಚೇಸ್ ವಿಭಾಗದವರ ಹತ್ತಿರ ಒಮ್ಮೆ ಕೂತು ಮಾತಾಡಿ.

ತ್ರೀಡಿ ಪ್ರಿಂಟ್ ಮಾಡಿ ನಾವೇ ಕಟ್ಟಬಹುದಲ್ವಾ ಅಂತ ಕೇಳುವವರು ನನಗೆ ಇಷ್ಟ. ಆಗುತ್ತದೆ. ಫ್ರಾನ್ಸಿನ ಇನ್ರಿಯಾ ಸಂಶೋಧನಾ ಸಂಸ್ಥೆಯವರ ಪಾಪ್ಪಿ ಇದೆ, ಆದರೆ ಯಾರೂ ಹಿಡಿದುಕೊಳ್ಳದೆ ನಡೆಯುವುದು ಅದಕ್ಕೆ ಕಷ್ಟ. 2025ರಲ್ಲಿ ಬಂದ ಬರ್ಕ್ಲಿ ಹ್ಯೂಮನಾಯ್ಡ್ ಲೈಟ್ 5,000 ಡಾಲರಿನೊಳಗೆ ಕಟ್ಟಬಹುದಾದದ್ದು, ಅದರ ಗಿಯರ್‌ಬಾಕ್ಸೂ ಪ್ರಿಂಟ್ ಮಾಡಿದ್ದೇ. ಸ್ಟ್ಯಾನ್‌ಫರ್ಡಿನ ಟಾಡ್ಲರ್‌ಬಾಟ್ 56 ಸೆಂ.ಮೀ.ನದ್ದು, 6,000 ಡಾಲರಿನೊಳಗೆ. ಎಲ್ಲದರ ನಕ್ಷೆಯೂ ಉಚಿತ. ಖರ್ಚಾಗುವುದು ಮುಖ್ಯವಾಗಿ ಮೋಟಾರಿಗೆ.

ಆದರೆ ನಮ್ಮ ಕರಾವಳಿಯಲ್ಲಿ ಮಳೆಗಾಲ ಅಂತ ಒಂದುಂಟಲ್ಲ. ವರ್ಷಕ್ಕೆ 3,500 ಮಿ.ಮೀ.ಗೂ ಮೇಲೆ ಸುರಿಯುವ ಊರಿದು. ಜುಲೈನಲ್ಲಿ ಫಿಲಮೆಂಟ್ ರೋಲನ್ನು, ಅಂದರೆ ಪ್ರಿಂಟರಿಗೆ ಹಾಕುವ ಪ್ಲಾಸ್ಟಿಕ್ ದಾರದ ಸುರುಳಿಯನ್ನು, ಹೊರಗೆ ಬಿಟ್ಟರೆ ಅದು ಹಪ್ಪಳದ ಹಾಗೆ ತೇವ ಎಳೆದುಕೊಳ್ಳುತ್ತದೆ. ಬಿಸಿ ನಾಜಲ್ಲಿಗೆ ಬಂದಾಗ ಒಳಗಿನ ನೀರು ಆವಿಯಾಗಿ ಚಟಪಟ ಅನ್ನುತ್ತದೆ, ಪ್ರಿಂಟಿನ ಮೇಲೆಲ್ಲ ಕೂದಲಿನಂಥ ಎಳೆ. ಹಾಗೆ ಬಂದ ಬ್ರಾಕೆಟ್ ನೋಡಲು ಸರಿ ಇದ್ದರೂ ಪದರ ಪದರವಾಗಿ ಬಿಡುತ್ತದೆ. ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ಪ್ರಿಂಟಿನ ಮೊದಲು ಸುಮಾರು 50 ಡಿಗ್ರಿಯಲ್ಲಿ ಕೆಲವು ಗಂಟೆ ಒಣಗಿಸಿ.

ಇನ್ನೊಂದು ವಿಷಯ ಹೆಚ್ಚಿನವರ ತಲೆಗೆ ಹೊಳೆಯುವುದೇ ಇಲ್ಲ. ತ್ರೀಡಿ ಪ್ರಿಂಟಿಗೆ ಹೆಚ್ಚಾಗಿ ಬಳಸುವ ಪಿಎಲ್ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೆ ಮೆತ್ತಗಾಗುತ್ತದೆ. ರೋಬೋಟಿಸ್ ಕಂಪನಿಯ ಡೈನಮಿಕ್ಸೆಲ್ ಮೋಟಾರುಗಳು (ಎಂಎಕ್ಸ್-28 ಇದೇ ಜಾತಿಯದ್ದು) ತಾವಾಗಿ ಆಫ್ ಆಗುವುದು ಮಾದರಿ ನೋಡಿಕೊಂಡು 70 ಅಥವಾ 80 ಡಿಗ್ರಿಗೆ. ಅಂದರೆ ಮೋಟಾರು "ಸಾಕು" ಅನ್ನುವ ಮೊದಲೇ ಅದನ್ನು ಹಿಡಿದ ಬ್ರಾಕೆಟ್ ಸಡಿಲವಾಗಿರುತ್ತದೆ. ಏಪ್ರಿಲ್‌ನಲ್ಲಿ ಎಸಿ ಇಲ್ಲದ ಲ್ಯಾಬಿನಲ್ಲಿ ಶುರುವೇ 34 ಡಿಗ್ರಿಯಿಂದ. ಹಾಗಾಗಿ ಕಾಲಿನ ಭಾಗಗಳಿಗೆ ಇನ್ನೂ ಸ್ವಲ್ಪ ಬಿಸಿ ತಡೆಯುವ ಪಿಇಟಿಜಿ ಪ್ಲಾಸ್ಟಿಕ್ ಹಾಕಿ. ಇಲ್ಲದಿದ್ದರೆ ಬೈಕಂಪಾಡಿ ಕಡೆ ಅಲ್ಯೂಮಿನಿಯಂ ಕೆಲಸ ಮಾಡುವ ವರ್ಕ್‌ಶಾಪ್ ಹಿಡಿಯಿರಿ. ಉಪ್ಪು ಗಾಳಿಗೆ ಪಾದದ ಸ್ಕ್ರೂಗಳು ತುಕ್ಕು ಹಿಡಿಯುತ್ತವೆ, ಸ್ಟೇನ್‌ಲೆಸ್ ಹಾಕಿಸಿ. ನೆಲ ನುಣುಪು ಟೈಲ್ಸ್ ಆದರೆ ತೆಳು ಕಾರ್ಪೆಟ್ ಹಾಸಿ.

ಸರಿ, ತಗೊಳ್ಳುವುದು ಯಾವುದು?

ಹೈಸ್ಕೂಲಾದರೆ ಸದ್ಯಕ್ಕೆ ನಡೆಯುವ ಹ್ಯೂಮನಾಯ್ಡ್ ಬೇಡ ಅನ್ನುತ್ತೇನೆ. ಶಾಲೆಗಳಿಗೆ ಕೇಂದ್ರ ಸರ್ಕಾರ ಕೊಡುವ ಅಟಲ್ ಟಿಂಕರಿಂಗ್ ಲ್ಯಾಬಿಗೆ ಸಿಗುವುದು ಗರಿಷ್ಠ 20 ಲಕ್ಷ, ಅದರಲ್ಲಿ ಅರ್ಧ ಐದು ವರ್ಷದ ನಿರ್ವಹಣೆಗೆ. ಒಂದೇ ರೋಬೋಟಿಗೆ ಅದನ್ನು ಸುರಿದರೆ ಉಳಿದ ಮಕ್ಕಳು ಸುತ್ತ ನಿಂತು ನೋಡಬೇಕಷ್ಟೇ. ಬಸ್ ಸರ್ವೋ ಹಾಕಿದ ರೋಬೋಟ್ ಕೈಗಳನ್ನು ನಾಲ್ಕೈದು ಕಟ್ಟಿಸಿ. ಹಗ್ಗಿಂಗ್ ಫೇಸ್ ಅನ್ನುವ ಎಐ ಕಂಪನಿಯವರ ಎಸ್ಓ-101 ಕೈಯ ನಕ್ಷೆ ಉಚಿತವಾಗಿ ಸಿಗುತ್ತದೆ. ಮಕ್ಕಳ ಕೈಗೆ ಯಂತ್ರ ಸಿಗುವುದು ಹಾಗೆ.

ಎಂಜಿನಿಯರಿಂಗ್ ಕಾಲೇಜಾದರೆ ಮೊದಲ ಸೆಮಿಸ್ಟರ್ ಏನೂ ತಗೋಬೇಡಿ. ಕಂಪ್ಯೂಟರಿನೊಳಗೇ ರೋಬೋಟ್ ನಡೆಸಿ ನೋಡುವ ಸಾಫ್ಟ್‌ವೇರುಗಳಿವೆ, ಮುಜೋಕೋ ಮತ್ತು ವೆಬಾಟ್ಸ್, ಎರಡೂ ಈಗ ಉಚಿತ. ಮುಜೋಕೋದ ಮಾದರಿ ಸಂಗ್ರಹದಲ್ಲಿ ಜಿ1 ಕೂಡ ಇದೆ, ವೆಬಾಟ್ಸ್‌ನಲ್ಲಿ ನಾವೋ ಇದೆ. ಅಲ್ಲಿ ಸಾವಿರ ಸಲ ಬೀಳಿಸಿದರೂ ಗಿಯರ್ ಹೋಗುವುದಿಲ್ಲ. ಆ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ನಿಜವಾಗಿ ಆಸಕ್ತಿ ಇರುವ ಹುಡುಗ ಹುಡುಗಿಯರು ಯಾರು ಅಂತ ನಿಮಗೆ ಗೊತ್ತಾಗಿರುತ್ತದೆ. ಆಮೇಲೆ ಅರ್ಧ ಮೀಟರ್ ಎತ್ತರದ್ದು, ಒಂದೇ ಬಗೆಯದ್ದು, ಎರಡು ತಗೊಳ್ಳಿ. ಒಂದು ಕೆಟ್ಟರೆ ಇನ್ನೊಂದರಲ್ಲಿ ಪಾಠ ನಡೆಯುತ್ತದೆ.

ಪಿಎಚ್‌ಡಿ ವಿದ್ಯಾರ್ಥಿಗಳಿದ್ದು, ಮೂರು ವರ್ಷ ಅದರ ಜೊತೆಗೇ ಇರುವ ಒಬ್ಬರು ಎಂಜಿನಿಯರ್ ಇದ್ದರೆ ಮಾತ್ರ ದೊಡ್ಡದು. ಅದೂ ಪ್ರೋಗ್ರಾಂ ಮಾಡಲು ಬಿಡುವ ಮಾದರಿಯೇ.

ಯಾವುದಾದರೂ ಸರಿ, ಕೊಟೇಶನ್‌ನಲ್ಲಿ ಮೊಣಕಾಲು ಮತ್ತು ಪಾದದ ಗಂಟಿನ ಮೋಟಾರು ನಾಲ್ಕು, ಗಿಯರ್ ಸೆಟ್ ಎಂಟು, ಬ್ಯಾಟರಿ ಒಂದು ಹೆಚ್ಚಿಗೆ ಬರೆಸಿ. ಮಾರುವವರು ಡೆಮೋಗೆ ಬಂದಾಗ ಅವರ ಕೈಯಲ್ಲೇ ಒಂದು ಮೊಣಕಾಲಿನ ಮೋಟಾರು ಬಿಚ್ಚಿ ಹಾಕಿಸಿ, ನಿಮ್ಮ ಲ್ಯಾಬ್ ಅಸಿಸ್ಟೆಂಟನ್ನು ಪಕ್ಕದಲ್ಲಿ ಕೂರಿಸಿ. ಅದಕ್ಕೆ ಒಪ್ಪದಿದ್ದರೆ ಚಾ ಕುಡಿಸಿ ಕಳಿಸಿಬಿಡಿ.